ಸೂಜಿಯನ್ನು ಕೇಳುತ್ತಿದ್ದ ಟೀಚರ್

ಟೀಚರ್ ತೀರಿಕೊಂಡ ಸುದ್ದಿ ಒಂದು ಫೋಟೋದ ಜೊತೆ ಬಂತು. ನಮ್ಮ ಶಾಲೆಯ ವಾಟ್ಸಾಪ್ ಗುಂಪಿನಲ್ಲಿ ಬೆಳಿಗ್ಗೆ ಯಾರೋ ಹಾಕಿದ್ದರು. ನಾನು ನೋಡುವಷ್ಟರಲ್ಲಿ ಅದರ ಕೆಳಗೆ ಕೈಮುಗಿದ ಚಿತ್ರಗಳ ಸಾಲು ಉದ್ದವಾಗಿತ್ತು. ಫೋಟೋದಲ್ಲಿ ಟೀಚರ್ ಕುರ್ಚಿಯಲ್ಲಿ ಕೂತು ನಗುತ್ತಿದ್ದರು. ಅದೇ ದಪ್ಪ ಕನ್ನಡಕ, ಗಂಜಿ ಹಾಕಿದ ಅದೇ ಹತ್ತಿ ಸೀರೆ. ಆದರೂ ಏನೋ ಸರಿ ಕಾಣಲಿಲ್ಲ. ಅವರ ಹಾಗೆಯೇ ಇರುವ ಬೇರೆ ಯಾರನ್ನೋ ನೋಡುತ್ತಿದ್ದೇನೆ ಅನ್ನಿಸಿತು. ಆ ಹೊತ್ತಿಗೆ ಅಳು ಬರಬೇಕಿತ್ತು, ಬರಲಿಲ್ಲ. ಫೋನನ್ನು ಹತ್ತಿರ ತಂದು, ದೂರ ಹಿಡಿದು, ಇದು ಯಾರು ಎಂದು ಯೋಚಿಸುತ್ತ ಕೂತೆ.

ಆಮೇಲೆ ಹೊಳೆಯಿತು. ವಾಚು ಎಡಗೈಯಲ್ಲಿತ್ತು. ನಾನು ಕಂಡಷ್ಟು ಕಾಲ ಟೀಚರ್ ವಾಚು ಕಟ್ಟಿದ್ದು ಬಲಗೈಗೆ. ಹಿಂದಿನ ಗೋಡೆಯ ಕ್ಯಾಲೆಂಡರ್ ನೋಡಿದೆ, ಅದರ ಅಕ್ಷರಗಳೆಲ್ಲ ತಿರುಗುಮುರುಗಾಗಿದ್ದವು. ನೆಂಟರ ಮಕ್ಕಳು ಯಾರೋ ಪಕ್ಕದಲ್ಲಿ ನಿಂತು ಸೆಲ್ಫಿ ತೆಗೆದು, ತಮ್ಮನ್ನು ಕತ್ತರಿಸಿ ಟೀಚರನ್ನು ಮಾತ್ರ ಉಳಿಸಿದ್ದಿರಬೇಕು. ಕನ್ನಡಿಯ ಚಿತ್ರ ಅದು. ಗುಂಪಿನಲ್ಲಿ ಬೇರೆ ಯಾರಿಗೂ ಇದು ಕಂಡಂತಿರಲಿಲ್ಲ. ನಾನೂ ಹೇಳಲಿಲ್ಲ. ಸತ್ತವರ ವಾಚು ಯಾವ ಕೈಯಲ್ಲಿತ್ತು ಎಂದು ಹೇಳಲು ಅದು ಸಮಯವಲ್ಲ. ಹೇಳಿದರೆ, ಆ ವಾಚು ಬಲಗೈಗೆ ಯಾಕೆ ಬಂತು ಎಂಬುದನ್ನೂ ಹೇಳಬೇಕಾಗುತ್ತಿತ್ತು. ಅದು ನನಗೇ ಸರಿಯಾಗಿ ಗೊತ್ತುಂಟೋ ಇಲ್ಲವೋ, ಇವತ್ತಿಗೂ ಖಚಿತವಿಲ್ಲ.

ಬಲ್ಮಠದ ನಮ್ಮ ಶಾಲೆಗೆ ನಾನು ಗಣಿತದ ಶಿಕ್ಷಕಿಯಾಗಿ ಸೇರಿದಾಗ ಸ್ಟಾಫ್‌ರೂಮಿನಲ್ಲಿ ಖಾಲಿ ಇದ್ದದ್ದು ಅವರ ಮೇಜಿನ ಅರ್ಧ ಭಾಗ. ಟೀಚರ್ ವಿಜ್ಞಾನ ಕಲಿಸುತ್ತಿದ್ದರು. ಹತ್ತನೆಯ ತರಗತಿಯ ಭೌತಶಾಸ್ತ್ರ ಎಂದರೆ ಅವರೇ. ಮದುವೆಯಾಗಿರಲಿಲ್ಲ, ಅಕ್ಕನ ಜೊತೆ ಇದ್ದರು. ಮನೆಯಲ್ಲಿ ಅವರು ಆಡುವುದು ಕೊಂಕಣಿ, ನಾನು ಆಡುವುದು ಬ್ಯಾರಿ, ರಿಕ್ಷಾ ಮತ್ತು ಮೀನಿನ ವ್ಯವಹಾರದಲ್ಲಿ ಇಬ್ಬರದ್ದೂ ತುಳು. ಹಾಗಾಗಿ ನಮ್ಮಿಬ್ಬರ ನಡುವೆ ಉಳಿದದ್ದು ಕನ್ನಡ. ಶಾಲೆಯ ಕನ್ನಡವನ್ನೇ ಇಬ್ಬರೂ ಸ್ವಲ್ಪ ಸಡಿಲ ಮಾಡಿ ಆಡುತ್ತಿದ್ದೆವು.

ಮೊದಲ ದಿನ ಅವರು ನನ್ನ ಹೆಸರು ಕೇಳಲಿಲ್ಲ. “ನಿನ್ನ ಹಿಂದೆ ಯಾವ ದಿಕ್ಕು ಉಂಟು, ಹೇಳು ನೋಡುವಾ” ಎಂದರು.

ನಾನು ಗಲಿಬಿಲಿಯಾಗಿ ಹಿಂದೆ ತಿರುಗಿ ನೋಡಿದೆ. ಗೋಡೆ ಇತ್ತು.

“ತೆಂಕು. ನಿನ್ನ ಹಿಂದೆ ತೆಂಕು, ಎದುರಲ್ಲಿ ಬಡಗು. ಆ ಕಪಾಟಿನ ಕಡೆ ಸಮುದ್ರ. ಈಗ ಹೆಸರು ಹೇಳು.”

“ನಸೀಮಾ.”

“ಆಯ್ತು. ಕೂತ್ಕೊ ನಸೀಮಾ.”

ಹುಚ್ಚು ಹೆಂಗಸಿನ ಮೇಜು ಸಿಕ್ಕಿತಲ್ಲ ಎಂದುಕೊಂಡೆ.

ಅವರ ಪಾಠವನ್ನು ನಾನು ಮೊದಲು ಕಂಡದ್ದು ಕಿಟಕಿಯಿಂದ. ನನಗೆ ಬಿಡುವಿತ್ತು. ಲ್ಯಾಬಿನಲ್ಲಿ ಮಕ್ಕಳು ಮೇಜಿನ ಸುತ್ತ ಒತ್ತೊತ್ತಾಗಿ ನಿಂತಿದ್ದರು. ಒಂದು ರಟ್ಟಿಗೆ ತೂತು ಮಾಡಿ, ಅದರಲ್ಲಿ ದಪ್ಪ ತಾಮ್ರದ ತಂತಿಯನ್ನು ನೆಟ್ಟಗೆ ನಿಲ್ಲಿಸಿದ್ದರು. ತಂತಿಯ ಎರಡು ತುದಿ ಬ್ಯಾಟರಿಗೆ. ರಟ್ಟಿನ ಮೇಲೆ ಅಂಗಿಯ ಗುಂಡಿಗಿಂತ ಸ್ವಲ್ಪ ದೊಡ್ಡದಾದ ದಿಕ್ಸೂಚಿಗಳು. ಸ್ವಿಚ್ಚು ಒತ್ತಿದ ಕೂಡಲೇ, ಅಷ್ಟು ಹೊತ್ತು ಒಂದೇ ಕಡೆ ನೋಡುತ್ತಿದ್ದ ಸೂಜಿಗಳೆಲ್ಲ ತಂತಿಯನ್ನು ಸುತ್ತುವರಿದು ಒಂದರ ಹಿಂದೆ ಒಂದು ಓಡುವಂತೆ ತಿರುಗಿ ನಿಂತವು. ಮಕ್ಕಳು “ಹೋ” ಎಂದರು. ಟೀಚರ್ ಬ್ಯಾಟರಿಯ ತಂತಿಗಳನ್ನು ಅದಲುಬದಲು ಮಾಡಿದರು. ಸೂಜಿಗಳು ಬೆನ್ನು ತಿರುಗಿಸಿದವು.

“ಯಾವ ಕಡೆ ತಿರುಗಿತು ಅಂತ ನನ್ನನ್ನು ಕೇಳ್ಬೇಡಿ. ಪುಸ್ತಕವನ್ನೂ ಕೇಳ್ಬೇಡಿ. ಸೂಜಿಯನ್ನು ಕೇಳಿ.”

ತಂತಿಯಲ್ಲಿ ವಿದ್ಯುತ್ ಹರಿದಾಗ ಅದರ ಸುತ್ತ ಕಾಂತಕ್ಷೇತ್ರ ಹುಟ್ಟುತ್ತದೆ, ಅದಕ್ಕೊಂದು ದಿಕ್ಕಿದೆ. ಆ ದಿಕ್ಕು ತಿಳಿಯಲು ಪುಸ್ತಕದಲ್ಲಿರುವುದು ಬಲಗೈ ಹೆಬ್ಬೆರಳಿನ ನಿಯಮ. ಬಲಗೈಯಲ್ಲಿ ತಂತಿಯನ್ನು ಹಿಡಿದಂತೆ ಊಹಿಸಿಕೊಳ್ಳಬೇಕು. ಹೆಬ್ಬೆರಳು ವಿದ್ಯುತ್ ಹೋಗುವ ಕಡೆಗಿದ್ದರೆ, ಮಡಚಿದ ಉಳಿದ ಬೆರಳುಗಳು ಕ್ಷೇತ್ರದ ದಿಕ್ಕನ್ನು ತೋರಿಸುತ್ತವೆ. ಅಷ್ಟೇ. ಬೇರೆ ಶಾಲೆಗಳಲ್ಲಿ ಇದು ಹೆಬ್ಬೆರಳು ಎತ್ತಿದಷ್ಟು ಹೊತ್ತಿನಲ್ಲಿ ಮುಗಿಯುವ ಪಾಠ. ಟೀಚರ್ ಇದಕ್ಕೆ ದಿನಗಟ್ಟಲೆ ತೆಗೆದುಕೊಳ್ಳುತ್ತಿದ್ದರು. ನಿಯಮ ಹೇಳುವಾಗ ಮಕ್ಕಳಿಗೆ ಬೆನ್ನು ಹಾಕಿ ನಿಲ್ಲುತ್ತಿದ್ದರು, ಎದುರು ನಿಂತು ತೋರಿಸಿದರೆ ಮಕ್ಕಳು ಕನ್ನಡಿಯಂತೆ ಎಡಗೈ ಎತ್ತುತ್ತಾರೆ ಎಂದು. ಪರೀಕ್ಷೆ ಹತ್ತಿರ ಬಂದಾಗ ಒಂದೇ ಮಾತು: “ಮೊದಲು ಪೆನ್ನು ಕೆಳಗಿಡಿ.” ಬರೆಯುವ ಮಕ್ಕಳ ಬಲಗೈಯಲ್ಲಿ ಪೆನ್ನು ಇರುತ್ತದೆ. ಅವಸರದಲ್ಲಿ ಖಾಲಿ ಇರುವ ಎಡಗೈಯನ್ನು ಎತ್ತಿ ನೋಡಿ ಉತ್ತರ ಬರೆಯುತ್ತಾರೆ. ಉತ್ತರ ತಿರುಗುಮುರುಗು ಬರುತ್ತದೆ. ಇಷ್ಟು ಸೂಕ್ಷ್ಮ ಯೋಚಿಸಿದವರನ್ನು ನಾನು ಬೇರೆ ಕಂಡಿರಲಿಲ್ಲ.

ಲ್ಯಾಬು ಬಿಟ್ಟು ಬೇರೆ ಕೋಣೆಯಲ್ಲಿ ಅವರು ಪಾಠ ಮಾಡುತ್ತಿರಲಿಲ್ಲ. ಕೆಳಗಿನ ಮಹಡಿಗೆ ಸ್ಮಾರ್ಟ್ ಬೋರ್ಡು ಬಂದಾಗ ನಮ್ಮ ಮುಖ್ಯೋಪಾಧ್ಯಾಯಿನಿ, ನಾವು ಎಚ್ಚೆಮ್ ಎಂದು ಕರೆಯುವವರು, ವಿಜ್ಞಾನವನ್ನೂ ಅಲ್ಲಿಗೆ ವರ್ಗಾಯಿಸಲು ನೋಡಿದರು. ಟೀಚರ್ ಒಪ್ಪಲಿಲ್ಲ. “ಅಲ್ಲಿ ನನಗೆ ತಲೆ ತಿರುಗ್ತದೆ” ಎಂದರು. ಹಟ ಎಂದು ಎಲ್ಲರೂ ನಕ್ಕರು. ಲ್ಯಾಬಿನಲ್ಲಿ ಅವರು ಬೋರ್ಡಿಗೆ ಮುಖ ಮಾಡಿ ನಿಂತರೆ ಒಂದು ಕಡೆ ಬಾಗಿಲು, ಒಂದು ಕಡೆ ತೊಳೆಯುವ ತೊಟ್ಟಿ. ಬಾಗಿಲ ಕಡೆಯ ಕೈ, ತೊಟ್ಟಿ ಕಡೆಯ ಕೈ ಎಂದೇ ಹೇಳುತ್ತಿದ್ದರು. ಇದರ ಅರ್ಥ ನನಗೆ ಆಗ ಆಗಲಿಲ್ಲ.

ಶಾಲೆ ಬಿಟ್ಟ ಮೇಲೆ ಕೆಲವೊಮ್ಮೆ ನಾವಿಬ್ಬರೂ ಒಂದೇ ರಿಕ್ಷಾದಲ್ಲಿ ಬಂದರಿಗೆ ಮೀನಿಗೆ ಹೋಗುತ್ತಿದ್ದೆವು. ಟೀಚರ್ ಚಾಲಕನಿಗೆ ದಾರಿ ಹೇಳುವುದು ನೋಡಬೇಕು. “ಪಡ್ಡಾಯಿ ಪೋಲೆ” ಎನ್ನುವರು. ಪಡುವಣಕ್ಕೆ ಹೋಗಿ ಎಂದು. ಹಳೆಯ ಚಾಲಕರಿಗೆ ಅರ್ಥವಾಗುತ್ತಿತ್ತು. ಹೊಸ ಹುಡುಗನೊಬ್ಬ ಹಂಪನಕಟ್ಟೆಯ ಸಿಗ್ನಲಿನಲ್ಲಿ, ಹಿಂದೆ ಸಿಟಿ ಬಸ್ಸುಗಳು ಹಾರನ್ನು ಬಜಾಯಿಸುತ್ತಿರುವಾಗ, ಕುತ್ತಿಗೆ ತಿರುಗಿಸಿ ಕೇಳಿದ.

“ಪಡ್ಡಾಯಿ ಎಂತದು ಮೇಡಂ? ರೈಟಾ, ಲೆಫ್ಟಾ?”

ಟೀಚರ್ ಬಾಯಿ ತೆರೆದು ಮುಚ್ಚಿದರು. “ಸಮುದ್ರ ಉಂಟಲ್ಲ, ಅತ್ತ.”

“ಸಮುದ್ರ ಇಲ್ಲಿಂದ ಕಾಣುದಿಲ್ಲ ಮೇಡಂ. ಬೇಗ ಹೇಳಿ, ಪೋಲೀಸ್ ನೋಡ್ತಾ ಇದ್ದಾನೆ.”

“ಹೇಳು ಮಾರಾಯ್ತಿ” ಎಂದು ನನ್ನ ಮೊಣಕೈ ತಿವಿದರು. ನಾನು ಹೇಳಿದೆ. ಟೀಚರ್ ಹಿಂದಕ್ಕೆ ಒರಗಿ, “ಈಗಿನವರಿಗೆ ದಿಕ್ಕೇ ಗೊತ್ತಿಲ್ಲ” ಎಂದರು. ನಾನು ತಲೆಯಾಡಿಸಿದೆ. ಅವರಿಗೆ ದಿಕ್ಕು ಗೊತ್ತಿತ್ತು ಎಂಬುದು ನಿಜವೇ. ಮೀನು ಮಾರ್ಕೆಟಿನ ಒಳಗೆ, ಗೋದಾಮುಗಳ ಹಿಂದಿನ ಇಕ್ಕಟ್ಟಿನಲ್ಲಿ, ಮಳೆಗಾಲದ ಮೋಡದ ದಿನದಲ್ಲೂ ಉತ್ತರ ಎಲ್ಲಿ ಎಂದು ಕೇಳಿದರೆ ಥಟ್ಟನೆ ತೋರಿಸುತ್ತಿದ್ದರು. ಒಮ್ಮೆಯೂ ತಪ್ಪಿದ್ದನ್ನು ನಾನು ಕಾಣೆ.

ಇನ್ನು ಆ ಮೀಟಿಂಗಿನ ಕತೆ.

ಅವರ ನಿವೃತ್ತಿಗೆ ಇನ್ನು ಒಂದೆರಡು ವರ್ಷ ಇದ್ದಿರಬೇಕು. ಹತ್ತನೆಯ ತರಗತಿಗೆ ಪೂರ್ವಸಿದ್ಧತಾ ಪರೀಕ್ಷೆ ಮುಗಿದಿತ್ತು. ಒಂದು ಪ್ರಶ್ನೆ ಹೀಗಿತ್ತು: ನೆಟ್ಟಗೆ ನಿಂತ ತಂತಿಯಲ್ಲಿ ವಿದ್ಯುತ್ ಕೆಳಗಿನಿಂದ ಮೇಲಕ್ಕೆ ಹರಿಯುತ್ತಿದೆ, ಕಾಂತಕ್ಷೇತ್ರದ ದಿಕ್ಕು ಯಾವುದು? ಒಬ್ಬ ಹುಡುಗ ಅಪ್ರದಕ್ಷಿಣ ಎಂದು ಬರೆದಿದ್ದ. ಒಬ್ಬಳು ಹುಡುಗಿ ಪ್ರದಕ್ಷಿಣ ಎಂದು ಬರೆದಿದ್ದಳು. ಎರಡೂ ಒಂದಕ್ಕೊಂದು ವಿರುದ್ಧ. ಟೀಚರ್ ಇಬ್ಬರಿಗೂ ಪೂರ್ತಿ ಅಂಕ ಕೊಟ್ಟಿದ್ದರು.

ಹುಡುಗನ ತಂದೆ ಗಲ್ಫಿನಲ್ಲಿ ಎಂಜಿನಿಯರು, ರಜೆಯಲ್ಲಿ ಬಂದಿದ್ದರು. ಮಗನ ಉತ್ತರಪತ್ರಿಕೆಯನ್ನೂ ಆ ಹುಡುಗಿಯ ಉತ್ತರಪತ್ರಿಕೆಯ ಫೋಟೋವನ್ನೂ ಹಿಡಿದು ನೇರ ಎಚ್ಚೆಮ್ ಕೋಣೆಗೆ ಬಂದರು. ನಾನು ಹತ್ತನೆಯ ಕ್ಲಾಸ್ ಟೀಚರ್ ಎಂದು ನನ್ನನ್ನೂ ಕರೆಸಿದರು. ಎಚ್ಚೆಮ್ ಕೋಣೆ ಒಳಗಿನ ಕೋಣೆ. ಎ.ಸಿ. ಹಾಕಿ ಪರದೆ ಎಳೆದಿದ್ದರು. ಕಿಟಕಿ ಎಲ್ಲಿದೆ ಎಂದೂ ತಿಳಿಯುತ್ತಿರಲಿಲ್ಲ.

“ಎರಡು ಉಲ್ಟಾ ಉತ್ತರ, ಎರಡಕ್ಕೂ ಮಾರ್ಕ್ಸ್” ಎಂದರು ಆ ತಂದೆ. ದನಿ ಎತ್ತಲಿಲ್ಲ, ಅದೇ ಹೆಚ್ಚು ಕಷ್ಟವಾಗಿತ್ತು. “ನಾನು ಜಗಳಕ್ಕೆ ಬಂದದ್ದಲ್ಲ ಟೀಚರ್. ನಾಳೆ ಬೋರ್ಡ್ ಎಕ್ಸಾಮಲ್ಲಿ ನನ್ನ ಮಗ ಯಾವುದು ಬರೀಬೇಕು? ಅದು ಹೇಳಿ.”

“ಮೇಲಿಂದ ನೋಡಿದ್ರೆ ಒಂದು, ಕೆಳಗಿಂದ ನೋಡಿದ್ರೆ ಇನ್ನೊಂದು” ಎಂದರು ಟೀಚರ್. “ಪ್ರಶ್ನೆಯಲ್ಲಿ ಎಲ್ಲಿಂದ ನೋಡ್ಬೇಕು ಅಂತ ಇರ್ಲಿಲ್ಲ. ಆ ಹುಡುಗಿಯನ್ನು ಕರೆದು ಕೇಳಿದೆ, ನೀನು ಎಲ್ಲಿಂದ ನೋಡಿದ್ದು ಅಂತ. ಕೆಳಗಿಂದ ಅಂದಳು.”

“ನೀವು ಕೇಳಿದ ಮೇಲೆ ಹೇಳಿದಳು. ಬರೆದಿದ್ದಾಳಾ?”

“ಬರ್ದಿಲ್ಲ.”

“ಮತ್ತೆ? ಹಾಗೆ ಕೇಳಿದ್ರೆ ಯಾವ ಮಕ್ಕಳಾದ್ರೂ ಹೇಳ್ತಾರೆ.”

ನಾನು ಬಾಯಿ ಹಾಕಿದೆ. ಮೇಲಿನಿಂದ, ಕೆಳಗಿನಿಂದ ಎಂದು ಟೀಚರ್ ಹೇಳುವುದು ಲೆಕ್ಕಕ್ಕೆ ಸರಿ ಉಂಟು ಸಾರ್, ಗಡಿಯಾರವನ್ನು ಹಿಂದಿನಿಂದ ನೋಡಿದರೆ ಮುಳ್ಳು ಉಲ್ಟಾ ತಿರುಗುವುದಿಲ್ಲವಾ ಎಂದೆ. ಅವರು ನನ್ನನ್ನು ಒಮ್ಮೆ ನೋಡಿ, “ಗಡಿಯಾರವನ್ನು ಹಿಂದಿನಿಂದ ಯಾರು ನೋಡ್ತಾರೆ ಮೇಡಂ?” ಎಂದರು.

ಎಚ್ಚೆಮ್‌ಗೆ ಬೇಗ ಮುಗಿಸುವ ಆತುರ. “ಟೀಚರ್, ಇಷ್ಟು ಯಾಕೆ? ಸಾಧಾರಣವಾಗಿ ಮೇಲಿಂದ ನೋಡುದಲ್ವಾ? ಒಮ್ಮೆ ಕೈಯಲ್ಲಿ ತೋರಿಸಿ ಬಿಡಿ, ಅವರಿಗೂ ಸಮಾಧಾನ ಆಗ್ಲಿ.”

“ಹೌದು” ಎಂದರು ಆ ತಂದೆ. “ಬಲಗೈ ತೋರಿಸಿ ಟೀಚರ್.”

ಟೀಚರ್ ತಮ್ಮ ಎರಡೂ ಕೈಗಳನ್ನು ನೋಡಿಕೊಂಡರು. ಆಗಲೇ ನನಗೆ ಕಂಡದ್ದು, ಅವರ ಮಣಿಕಟ್ಟು ಖಾಲಿಯಿತ್ತು. ವಾಚಿರಲಿಲ್ಲ. ಆಮೇಲೆ ಅವರು ಒಂದು ಕೈಯನ್ನು ನಿಧಾನ ಎತ್ತಿ, ಹೆಬ್ಬೆರಳನ್ನು ಮೇಲಕ್ಕೆ ಮಾಡಿ, ಬೆರಳುಗಳನ್ನು ಮಡಚಿದರು.

ಎಡಗೈ.

ಆ ತಂದೆಯ ಮುಖ ಕೆಂಪಾಯಿತು. ತನ್ನನ್ನು ಗೇಲಿ ಮಾಡುತ್ತಿದ್ದಾರೆ ಎಂದು ಅವರು ತಿಳಿದದ್ದು ಸ್ಪಷ್ಟ. ಎಚ್ಚೆಮ್ ಕೂಡ ಹಾಗೆಯೇ ತಿಳಿದರು. “ಇದು ಸರಿಯಲ್ಲ ಟೀಚರ್” ಎಂದರು. ಟೀಚರ್ ಕೈ ಇಳಿಸಲಿಲ್ಲ. ಏನಾಯಿತು ಎಂದು ಕೇಳುವವರಂತೆ ನನ್ನ ಮುಖ ನೋಡಿದರು. ನನಗೂ ಗೊತ್ತಾಗಲಿಲ್ಲ. ಇಷ್ಟು ವರ್ಷ ಮಕ್ಕಳಿಗೆ ಪೆನ್ನು ಕೆಳಗಿಡಿ ಎಂದವರು ಎಡಗೈ ಎತ್ತುವುದು ಎಂದರೆ ಅದಕ್ಕೆ ಏನೋ ಕಾರಣ ಇರಬೇಕು, ಈಗ ಹೇಳುತ್ತಾರೆ ಎಂದು ಕಾದೆ.

ಮೀಟಿಂಗು ಮುಗಿದು ಲ್ಯಾಬಿಗೆ ಬಂದು ಕೂತ ಮೇಲೆ ಕೇಳಿದರು, “ನಾನು ಎತ್ತಿದ್ದು ಯಾವ ಕೈ?”

“ಎಡಗೈ ಟೀಚರ್.”

“ಹೌದಾ” ಎಂದರು. ಆಮೇಲೆ, ಸಂಬಂಧವೇ ಇಲ್ಲದಂತೆ, “ನೀನು ಮದ್ರಸಕ್ಕೆ ಹೋಗಿದ್ದಿಯಲ್ಲ. ಅಲ್ಲಿ ಅರಬಿ ಆ ಕಡೆಯಿಂದ ಈ ಕಡೆ ಓದುದು. ಶಾಲೆಯಲ್ಲಿ ಕನ್ನಡ ಈ ಕಡೆಯಿಂದ ಆ ಕಡೆ. ನಿನಗೆ ಗೊಂದಲ ಆಗ್ಲಿಲ್ವಾ?”

“ಇಲ್ಲ ಟೀಚರ್. ಪುಸ್ತಕ ನೋಡಿದ ಕೂಡ್ಲೆ ಗೊತ್ತಾಗ್ತದೆ.”

“ಎಂತ ಗೊತ್ತಾಗ್ತದೆ?”

“ಯಾವ ಕಡೆ ಬಲ, ಯಾವ ಕಡೆ ಎಡ ಅಂತ.”

“ಅದೇ” ಎಂದರು. “ನನಗೆ ಅದೇ ಗೊತ್ತಾಗುದಿಲ್ಲ ಮಾರಾಯ್ತಿ. ಸಣ್ಣದರಿಂದ. ವಾಚು ಕಟ್ಟಿದ ಕೈ ಬಲಗೈ ಅಂತ ಇಟ್ಕೊಂಡಿದ್ದೇನೆ. ಇಲ್ಲಿ ಈ ಕೋಣೆಯಲ್ಲಿ ಬಾಗಿಲ ಕಡೆದು ಬಲಗೈ. ವಾಚನ್ನು ಹಂಪನಕಟ್ಟೆಯಲ್ಲಿ ರಿಪೇರಿಗೆ ಕೊಟ್ಟಿದ್ದೇನೆ. ಎಚ್ಚೆಮ್ ಕೋಣೆಯಲ್ಲಿ ಬಾಗಿಲು ಹಿಂದೆ ಉಂಟು.”

ನಾನು ನಕ್ಕೆನೋ ಏನೋ, ನೆನಪಿಲ್ಲ. ತಮಾಷೆ ಎಂದೇ ತಿಳಿದೆ. ಅವರ ಮುಖದಲ್ಲಿ ತಮಾಷೆ ಇರಲಿಲ್ಲ. ಬಲಗೈ ನಿಯಮವನ್ನು ಒಂದು ತಲೆಮಾರಿನ ಮಕ್ಕಳಿಗೆ ಕಲಿಸಿದವರಿಗೆ ಬಲಗೈ ಯಾವುದೆಂದು ಗೊತ್ತಿಲ್ಲ ಎಂಬ ಮಾತನ್ನು ತಲೆಯೊಳಗೆ ಎಲ್ಲಿ ಇಡಬೇಕೆಂದೇ ತಿಳಿಯಲಿಲ್ಲ. ಮಕ್ಕಳಿಗೆ ಬೆನ್ನು ಹಾಕಿ ನಿಲ್ಲುತ್ತಿದ್ದದ್ದು, ಪೆನ್ನು ಕೆಳಗಿಡಿ ಎನ್ನುತ್ತಿದ್ದದ್ದು, ಲ್ಯಾಬು ಬಿಡುವುದಿಲ್ಲ ಎಂದು ಹಟ ಹಿಡಿದದ್ದು, ಎಲ್ಲವೂ ಒಮ್ಮೆಲೇ ಬೇರೆಯಾಗಿ ಕಂಡಿತು. ಒಳ್ಳೆಯ ಶಿಕ್ಷಕಿಯ ಜಾಣತನ ಎಂದು ನಾನು ತಿಳಿದದ್ದರಲ್ಲಿ ಎಷ್ಟು ಭಾಗ ಜಾಣತನ, ಎಷ್ಟು ಭಾಗ ಭಯ?

“ಅದಕ್ಕೇ ಸೂಜಿ” ಎಂದರು ಟೀಚರ್, ನಾನು ಕೇಳದಿದ್ದರೂ. “ಸೂಜಿಗೆ ಕೈ ಇಲ್ಲ ನೋಡು. ಎಡ ಬಲ ಅದಕ್ಕೂ ಗೊತ್ತಿಲ್ಲ. ಆದ್ರೂ ಸರಿಯಾಗಿ ತಿರುಗ್ತದೆ.”

“ಟೀಚರ್, ಆ ಹುಡುಗಿಗೆ ಅಂಕ ಕೊಟ್ಟದ್ದು?”

ಅವರು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. “ಪೇಪರ್ ನೋಡುವಾಗ ವಾಚಿರ್ಲಿಲ್ಲ. ಕೈ ಎತ್ತಿ ನೋಡಿದೆ, ಒಮ್ಮೆ ಹೀಗೆ ಬಂತು. ಇನ್ನೊಮ್ಮೆ ನೋಡಿದೆ, ಹಾಗೆ ಬಂತು. ಆಮೇಲೆ ಅನ್ನಿಸಿತು, ಇವಳು ಕೆಳಗಿಂದ ನೋಡಿದ್ರೆ ಸರಿಯೇ ಅಲ್ವಾ ಅಂತ. ಕರೆದು ಕೇಳಿದೆ. ಕೆಳಗಿಂದ ಅಂದಳು.”

“ಹಾಗಾದ್ರೆ ನ್ಯಾಯವೇ ಅಲ್ವಾ?”

“ನ್ಯಾಯವಾ? ನನಗೆ ಯಾವುದು ಸರಿ ಅಂತ ಗೊತ್ತಿರ್ತಿದ್ರೆ ಅವಳನ್ನು ಕರೀತಿದ್ದೆನಾ? ತಪ್ಪು ಅಂತ ಗೀಟು ಹಾಕ್ತಿದ್ದೆ. ಗೊತ್ತಿಲ್ಲದ್ದಕ್ಕೆ ಕರೆದೆ. ಇದು ನ್ಯಾಯವಾ, ಗೊಂದಲವಾ, ನನಗೇ ಗೊತ್ತಿಲ್ಲ ನಸೀಮಾ. ನೀನು ಲೆಕ್ಕದವಳು, ನೀನು ಹೇಳು.”

ನಾನು ಇನ್ನೂ ಹೇಳಿಲ್ಲ.

ಎಚ್ಚೆಮ್‌ಗೆ ಇದನ್ನೇ ಹೇಳಿಬಿಡಿ ಎಂದು ನಾನು ಎಷ್ಟೋ ಹೇಳಿದೆ. ಟೀಚರ್ ಒಪ್ಪಲಿಲ್ಲ. “ಎಡ ಬಲ ಗೊತ್ತಿಲ್ಲದವಳು ಅಂತ ಹೇಳುದಕ್ಕಿಂತ ಅಹಂಕಾರದವಳು ಅಂತ ಹೇಳುದು ಒಳ್ಳೆದು” ಎಂದರು. ಹಾಗೆಯೇ ಆಯಿತು. ಮುಂದಿನ ವರ್ಷ ಹತ್ತನೆಯ ತರಗತಿ ಅವರ ಕೈತಪ್ಪಿತು. ಎಂಟನೆಯದನ್ನು ಕೊಟ್ಟರು. ಹತ್ತನೆಯ ಭೌತಶಾಸ್ತ್ರ ನನ್ನ ತಲೆಗೆ ಬಂತು, ಗಣಿತದವರಿಗೆ ಅದು ಕಷ್ಟವಲ್ಲ ಎಂದು.

ಕಷ್ಟವೇ ಆಯಿತು. ಮೊದಲ ಸಲ ಆ ಪಾಠ ಮಾಡುವಾಗ ತರಗತಿಯ ಎದುರು ಬಲಗೈ ಎತ್ತಿ ಹೆಬ್ಬೆರಳು ತೋರಿಸಿದೆ. ಎದುರಿನ ಬೆಂಚುಗಳಲ್ಲಿ ಅರ್ಧಕ್ಕರ್ಧ ಎಡಗೈಗಳು ಎದ್ದವು. ಅವರನ್ನು ತಿದ್ದುತ್ತಾ ತಿದ್ದುತ್ತಾ ನನ್ನ ಬಲಗೈಯ ಬಗ್ಗೆಯೇ ನನಗೆ ಅನುಮಾನ ಬಂತು. ತಂತಿ ಮೇಲೆ, ಕಣ್ಣು ಕೆಳಗೆ, ಮುಳ್ಳು ಹಿಂದಿನಿಂದ. ಬೆಲ್ಲು ಹೊಡೆದದ್ದೇ ಪುಣ್ಯ. ಟೀಚರ್ ಎಂಟನೆಯ ತರಗತಿ ಮುಗಿಸಿ ಬಂದವರು ನನ್ನ ಮುಖ ನೋಡಿಯೇ ಅರ್ಥ ಮಾಡಿಕೊಂಡರು. ಕಪಾಟಿನಿಂದ ರಟ್ಟು, ತಂತಿ, ದಿಕ್ಸೂಚಿಗಳನ್ನು ತೆಗೆದು ಮೇಜಿನ ಮೇಲಿಟ್ಟರು. ಮರುದಿನದಿಂದ, ಎಚ್ಚೆಮ್ ನೋಡದ ಹಾಗೆ, ನನ್ನ ತರಗತಿಯ ಹಿಂದಿನ ಬೆಂಚಿನಲ್ಲಿ ಬಂದು ಕೂರುತ್ತಿದ್ದರು. ಒಂದು ಮಾತೂ ಆಡುತ್ತಿರಲಿಲ್ಲ. ಸೂಜಿ ತಿರುಗಿದಾಗ ಮಾತ್ರ, ಮೊದಲ ಸಲ ನೋಡುವವರಂತೆ, ಸ್ವಲ್ಪ ಎದ್ದು ನಿಂತು ನೋಡುತ್ತಿದ್ದರು.

ಆ ಹುಡುಗಿ ಬೋರ್ಡ್ ಪರೀಕ್ಷೆ ಪಾಸಾಗಿ ಹೋದಳು. ಅವಳು ನಿಜವಾಗಿ ಕೆಳಗಿನಿಂದಲೇ ನೋಡಿದ್ದಳೋ ಎಂದು ಒಂದು ದಿನ ದಾರಿಯಲ್ಲಿ ಸಿಕ್ಕಾಗ ನಾನು ಕೇಳಿದ್ದೆ. “ಯಾವ ಪ್ರಶ್ನೆ ಟೀಚರ್?” ಎಂದಳು. ಮರೆತಿದ್ದಳು.

ಟೀಚರ್ ನಿವೃತ್ತಿಯ ದಿನ ಶಾಲೆಯ ಸಭಾಂಗಣದಲ್ಲಿ ಬೀಳ್ಕೊಡುಗೆ ಇತ್ತು. ಹಾರ, ಶಾಲು, ಭಾಷಣ. ಎಚ್ಚೆಮ್ ಒಳ್ಳೆಯ ಮಾತುಗಳನ್ನೇ ಆಡಿದರು, ಹಳೆಯದನ್ನು ಎತ್ತಲಿಲ್ಲ. ಕೊನೆಗೆ ಟೀಚರ್ ಮೈಕಿನ ಮುಂದೆ ನಿಂತರು. ಅವರು ಹೆಚ್ಚು ಮಾತಾಡುವವರಲ್ಲ. ಶಾಲು ಸರಿಪಡಿಸಿಕೊಂಡು, “ನನಗೆ ಒಂದು ವಿಷಯ ಹೇಳ್ಲಿಕ್ಕುಂಟು. ನಿಮಗೆಲ್ಲ ಬಲಗೈ ನಿಯಮ ಕಲಿಸಿದ್ದೇನೆ. ನನಗೆ ಬಲಗೈ ಯಾವುದು ಅಂತ ಇವತ್ತಿಗೂ ಗೊತ್ತಿಲ್ಲ” ಎಂದರು.

ಇಡೀ ಸಭೆ ಗೊಳ್ಳೆಂದು ನಕ್ಕಿತು. ಮಕ್ಕಳು ಬೆಂಚು ಬಡಿದರು. ಎಚ್ಚೆಮ್ ಕಣ್ಣೊರೆಸಿಕೊಂಡು ನಕ್ಕರು. ಟೀಚರ್ ನಗು ನಿಲ್ಲಲು ಕಾದರು. ನಿಂತಿತು. “ನಿಜ” ಎಂದರು. ಸಭೆ ಮತ್ತೆ ನಕ್ಕಿತು. ಆಗ ಟೀಚರ್ ಕೂಡ ನಕ್ಕು, ಎಲ್ಲರಿಗೂ ಕೈಮುಗಿದು ಕೂತುಬಿಟ್ಟರು. ನನಗೆ ಎದ್ದು ನಿಂತು ಇದು ತಮಾಷೆಯಲ್ಲ ಎನ್ನಬೇಕೆನ್ನಿಸಿತು. ಆದರೆ ಅವರ ಮುಖದಲ್ಲಿ ಏನೋ ಒಂದು ಹಗುರ ಕಂಡಿತು. ಕಂಬಳಿ ಕೊಡವಿ ಬಿಸಿಲಿಗೆ ಹಾಕಿದವರ ಹಾಗೆ ಕೂತಿದ್ದರು. ಹೇಳುವುದಷ್ಟೇ ಅವರಿಗೆ ಬೇಕಿತ್ತೋ, ನಂಬುವುದಿಲ್ಲ ಎಂದು ಗೊತ್ತಿದ್ದೇ ಹೇಳಿದರೋ. ಕೇಳಬೇಕಿತ್ತು, ಕೇಳಲಿಲ್ಲ. ಆಮೇಲೆ ಅವರು ಹೆಚ್ಚು ದಿನ ಇರಲೂ ಇಲ್ಲ.

ದಫನ ಮುಗಿದು ಕೆಲವು ದಿನ ಬಿಟ್ಟು ನಾನು ಅವರ ಮನೆಗೆ ಹೋದೆ. ಅವರ ಅಕ್ಕ ಒಬ್ಬರೇ ಇದ್ದರು. ಗಲ್ಫಿನಲ್ಲಿ ನರ್ಸಾಗಿದ್ದು ನಿವೃತ್ತರಾಗಿ ಬಂದವರು, ತಂಗಿಗಿಂತ ಗಟ್ಟಿ ಹೆಂಗಸು. ಜಗಲಿಯಲ್ಲಿ ಎದುರುಬದುರು ಕೂತೆವು. ಚಾ ಕೊಟ್ಟರು. ಏನು ಮಾತಾಡಬೇಕೆಂದು ತಿಳಿಯದೆ ನಾನು ಆ ಬೀಳ್ಕೊಡುಗೆಯ ಮಾತನ್ನು ಎತ್ತಿದೆ. ಟೀಚರಿಗೆ ಎಡ ಬಲ ತಿಳಿಯುತ್ತಿರಲಿಲ್ಲ ಎಂದು ಯಾರೂ ನಂಬಲಿಲ್ಲ ಆಂಟಿ ಎಂದೆ.

“ನಾನೂ ನಂಬುದಿಲ್ಲ” ಎಂದರು ಅಕ್ಕ. “ಇಗರ್ಜಿಯಲ್ಲಿ ಪಾದ್ರಿಗಳ ಪೂಜೆಗೆ ಕೀಬೋರ್ಡ್ ನುಡಿಸ್ತಿದ್ದಳು ಅವಳು, ಪ್ರಾಯದಲ್ಲಿ. ಎರಡು ಕೈಗೆ ಎರಡು ಬೇರೆ ಕೆಲಸ. ಎಡ ಬಲ ಗೊತ್ತಿಲ್ಲದೆ ಹೇಗೆ ನುಡಿಸುದು?”

ಹಾಗಾದರೆ ಲ್ಯಾಬಿನಲ್ಲಿ ಅವರು ನನಗೆ ಹೇಳಿದ್ದು? ಅಷ್ಟೂ ಸುಳ್ಳೇ? ಆ ತಂದೆಯನ್ನು ಬೇಕೆಂದೇ ಗೇಲಿ ಮಾಡಿ, ನನ್ನ ಮುಂದೆ ಮಾನ ಉಳಿಸಿಕೊಳ್ಳಲು ಒಂದು ಕತೆ ಕಟ್ಟಿದರೇ? ಅವರ ಜೊತೆ ಕಳೆದ ವರ್ಷಗಳೆಲ್ಲ ಮತ್ತೊಮ್ಮೆ ತಲೆಕೆಳಗಾಗುವ ಹಾಗೆ ಕಂಡಿತು.

ಅಕ್ಕ ತಮ್ಮ ಚಾ ಲೋಟವನ್ನು ಕೆಳಗಿಟ್ಟರು. “ಅಲ್ಲ, ಇರು” ಎಂದರು ಆಮೇಲೆ, ದನಿ ಬದಲಾಗಿತ್ತು. “ಕೀಬೋರ್ಡಲ್ಲಿ ಅವಳು ಎಡ ಬಲ ಅಂತ ಹೇಳ್ತಿರ್ಲಿಲ್ಲ. ದಪ್ಪ ಸ್ವರದ ಕೈ, ಸಪೂರ ಸ್ವರದ ಕೈ ಅಂತಿದ್ದಳು. ನಾವೆಲ್ಲ ನಗ್ತಿದ್ದೆವು.”

“ಮತ್ತೆ?”

“ಸಣ್ಣದಿರುವಾಗ ಅವಳದ್ದು ಎಲ್ಲ ಆ ಕೈಯೇ” ಎಂದು ಅಕ್ಕ ತಮ್ಮ ಒಂದು ಕೈ ಎತ್ತಿದರು. ಎದುರು ಕೂತಿದ್ದ ನಾನು ಅದು ಎಡವೋ ಬಲವೋ ಎಂದು ಒಂದು ಕ್ಷಣ ತಬ್ಬಿಬ್ಬಾದೆ. ಎಡಗೈ. “ತಿನ್ನುದು, ಬರಿಯುದು, ಕಲ್ಲು ಬಿಸಾಡುದು, ಎಲ್ಲ. ಶಿಲುಬೆಯ ಗುರುತು ಮಾಡುದೂ ಅದರಲ್ಲೇ. ಪಪ್ಪಾ ಊಟಕ್ಕೆ ಕೂರುವಾಗ ಆ ಕೈಯನ್ನು ಬೆನ್ನ ಹಿಂದೆ ಇಡಿಸ್ತಿದ್ದರು. ಒಂದನೇ ಕ್ಲಾಸಿಗೆ ಹಾಕಿದ್ರಲ್ಲ, ನಮಗೆ ಕನ್ನಡ ಬರ್ತಿರ್ಲಿಲ್ಲ. ಮನೆಯಲ್ಲಿ ಕೊಂಕಣಿ. ಮಾಸ್ಟ್ರು ಮಕ್ಕಳಿಗೆ ಹೇಳಿಕೊಟ್ರು, ಬಲ ಇರುವ ಕೈ ಬಲಗೈ ಅಂತ. ಬಲ ಅಂದ್ರೆ ಶಕ್ತಿ ಅಂತ ತೋಳು ಮಡಚಿ ತೋರಿಸಿದ್ರು. ಈಗ ಎಲ್ಲರೂ ಬಲಗೈ ಎತ್ತಿ ಅಂದ್ರು. ಇವಳು ಎತ್ತಿದಳು. ಯಾವುದರಲ್ಲಿ ಬಲ ಉಂಟೋ ಅದನ್ನೇ ಎತ್ತಿದಳು.”

“ಆಮೇಲೆ?”

“ಆಮೇಲೆ ಎಂತ? ಅದೇ ಕೈಗೆ ಹೊಡೆತ ಬಿತ್ತು. ನಾನು ಪಕ್ಕದ ಕ್ಲಾಸಲ್ಲಿ ಕೂತು ಕೇಳಿದ್ದೇನೆ. ಮನೆಗೆ ಬರುವಾಗ ದಾರಿಯಲ್ಲಿ ಕೇಳಿದಳು, ಹಾಗಾದ್ರೆ ಇದು ಯಾವ ಕೈ ಅಂತ. ನನಗೆ ಹೇಳ್ಲಿಕ್ಕೆ ಗೊತ್ತಾಗ್ಲಿಲ್ಲ, ನಾನೂ ಸಣ್ಣವಳು. ಮತ್ತೆ ಎಲ್ಲ ಈ ಕೈಗೆ ಅಭ್ಯಾಸ ಮಾಡಿಸಿದ್ರು, ಮಾಡಿದಳು. ಸರಿಯಾಯ್ತು ಅಂತಲೇ ನಾವೆಲ್ಲ ತಿಳ್ಕೊಂಡದ್ದು.”

ನಾನು ಆಗ ಮೀಟಿಂಗಿನ ಕತೆ ಪೂರ್ತಿ ಹೇಳಿದೆ. ಹತ್ತನೆಯ ತರಗತಿ ಹೋಗಿ ಎಂಟನೆಯದು ಬಂದದ್ದು ಯಾಕೆ ಎಂದು ಟೀಚರ್ ಮನೆಯಲ್ಲಿ ಹೇಳಿಯೇ ಇರಲಿಲ್ಲವಂತೆ. ವಯಸ್ಸಾಯಿತಲ್ಲ, ಕೆಲಸ ಕಡಿಮೆ ಮಾಡಿದರು ಎಂದಿದ್ದರಂತೆ. ಎಲ್ಲ ಮುಗಿದ ಮೇಲೆ ಅಕ್ಕ ಕೇಳಿದರು.

“ಆ ಮನುಷ್ಯ ಸರಿಯಾಗಿ ಎಂತ ಹೇಳಿದ್ದು ಅವಳಿಗೆ?”

“ಬಲಗೈ ತೋರಿಸಿ ಅಂತ.”

ಅಕ್ಕ ಖಾಲಿ ಲೋಟಗಳನ್ನು ಎತ್ತಿಕೊಂಡು ಎದ್ದರು.

“ತೋರಿಸಿದಳಲ್ಲ” ಎಂದರು.